ಏಳು ಈ ಕಡೆಗೆ, ಹದಿಮೂರು ಆ ಕಡೆಗೆ

ಪಾರ್ವತಿನಗರ, ಬಳ್ಳಾರಿ
೨ ಮೇ ೨೦೨೪, ಗುರುವಾರ

ಅವ್ವನಿಗೆ,

ನಿನ್ನ ಮಗಳು ಪಂಪಾವತಿ ಕೈಮುಗಿದು ಬರೆಯುವುದು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ಇಲ್ಲಿ ನಾನು ರೇಗಿ ಕೂತಿದ್ದೇನೆ. ಅಲ್ಲಿ ನೀನೂ ರೇಗಿ ಕೂತಿದ್ದೀಯ ಎಂದು ಬಸ್ಸಿನ ಕಂಡಕ್ಟರ್ ಓಬಣ್ಣ ಹೇಳಿದ. ಆದರೂ ಸಿರುಗುಪ್ಪದ ಬಸ್ಸಿಗೆ ಬುತ್ತಿ ಬಂದಿದೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಬಂದಿದೆ. ನನ್ನ ಜೊತೆ ಮಾತು ಬಿಟ್ಟವಳು ರೊಟ್ಟಿ ಕಳಿಸುವುದನ್ನು ಬಿಟ್ಟಿಲ್ಲವಲ್ಲ, ಆ ಧೈರ್ಯದ ಮೇಲೆ ಈ ಪತ್ರವನ್ನು ಖಾಲಿ ಡಬ್ಬಿಯೊಳಗೆ ಇಟ್ಟು ಅದೇ ಬಸ್ಸಿಗೆ ಕೊಡುತ್ತಿದ್ದೇನೆ. ಡಬ್ಬಿಗೆ ನೀರು ಹಾಕುವ ಮುಂಚೆ ಒಳಗೆ ನೋಡು.

ಅಕ್ಷರ ನನ್ನದೇ. ಗಾಳಿಗೆ ಬಿದ್ದ ಭತ್ತದ ಹಾಗೆ ಎಲ್ಲ ಒಂದೇ ಕಡೆ ವಾಲುತ್ತವೆ ಎಂದು ನೀನು ಬೈಯುತ್ತಿದ್ದೆಯಲ್ಲ, ಅದೇ ಅಕ್ಷರ. ಇದನ್ನೂ ಯಂತ್ರ ಬರೆದಿದೆ ಎಂದು ಮಾತ್ರ ಹೇಳಬೇಡ, ನನಗೆ ಹುಚ್ಚು ಹಿಡಿಯುತ್ತದೆ.

ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ನಿಮ್ಮ ಸಂಘದ ಹೆಂಗಸರನ್ನೆಲ್ಲ ಕೂಡಿಸಿ, ಈಗ ಯಂತ್ರಗಳು ಯಾರ ದನಿಯನ್ನಾದರೂ ಮಾಡುತ್ತವೆ, ಫೋನಿನಲ್ಲಿ ಮಗಳ ದನಿ ಬಂದರೂ ಒಮ್ಮೆಗೇ ನಂಬಬೇಡಿ ಎಂದು ಹೇಳಿದವಳು ನಾನೇ. ನೀನು ಮುಂದೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಒಂದು ಮಾತೂ ಕಿವಿಗೆ ಬೀಳುತ್ತಿಲ್ಲ ಎಂದುಕೊಂಡಿದ್ದೆ. ಬಿದ್ದಿದೆ. ನಾನು ಪಾಠ ಮಾಡಿದ ನೂರಾರು ಜನರಲ್ಲಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿರುವವಳು ನೀನೊಬ್ಬಳೇ, ಅದೂ ನನ್ನ ಮೇಲೆಯೇ.

ಮಂಗಳವಾರ ಆಫೀಸಿನ ಫೋನಿನಿಂದ ಮಾಡಿದೆ. ಈ ಕರೆ ದಾಖಲಾಗುತ್ತದೆ ಅವ್ವ, ನಮ್ಮ ಜೊತೆ ಕೆಲಸ ಮಾಡುವ ಬೇರೆ ದೇಶದವರೂ ಕೇಳುತ್ತಾರೆ, ಓಟಿನ ತಾರೀಖಿನ ಆ ಮಾತನ್ನು ನೀನು ಮೊದಲು ಯಾರಿಗೆ ಕಳಿಸಿದೆ ಅಷ್ಟು ಹೇಳು ಎಂದೆ. ನೀನು, "ನೀ ನಮ್ಮ ಪಂಪೀನ ಅಂತ ಏನ್ ಗ್ಯಾರಂಟಿ ಐತಿ" ಎಂದು ಇಟ್ಟುಬಿಟ್ಟೆ. ಸಂಜೆ ನನ್ನ ಫೋನಿನಿಂದ ಮುಖ ಕಾಣುವ ಹಾಗೆ ಮಾಡಿದೆ. ನೀನು, "ಮುಖಾನೂ ಮಾಡ್ತಾವಂತ, ನೀನ ಹೇಳಿದ್ದಿ" ಎಂದೆ. ನಾನು ಚಿಕ್ಕವಳಿದ್ದಾಗ ಕಾಲುವೆಯಲ್ಲಿ ಚಪ್ಪಲಿ ಬಿಟ್ಟು ಬಂದು ನಾಯಿ ಒಯ್ದಿತು ಎಂದು ಹೇಳಿದ್ದನ್ನು ನೆನಪಿಸಿದೆ. ನೀನು, "ಅದು ಓಣಿಗೆಲ್ಲ ಗೊತ್ತೈತಿ" ಎಂದೆ. ಹೆತ್ತ ತಾಯಿಗೆ ನಾನೇ ನಾನು ಎಂದು ತೋರಿಸಿಕೊಡಲು ಆಗದೆ, ಆ ಹೊತ್ತಿನಲ್ಲಿ ನಾನು ಫೋನನ್ನು ಗೋಡೆಗೆ ಎಸೆಯದೆ ಇದ್ದದ್ದೇ ದೊಡ್ಡದು.

ಬಸ್ಸು ಹತ್ತಿ ಬಂದುಬಿಡಬಾರದೇ ಎಂದು ನೀನು ಕೇಳಬಹುದು. ಚುನಾವಣೆ ಮುಗಿಯುವವರೆಗೆ ಅರ್ಧ ದಿನವೂ ರಜೆ ಇಲ್ಲ ಎಂದು ಆಫೀಸಿನಲ್ಲಿ ಹೇಳಿಬಿಟ್ಟಿದ್ದಾರೆ. ಹಾಗಾಗಿ ಈಗ ನಮ್ಮಿಬ್ಬರ ನಡುವೆ ನಂಬಬಹುದಾದ ದಾರಿ ಎಂದರೆ ಓಬಣ್ಣನ ಬಸ್ಸು ಮತ್ತು ಈ ಸ್ಟೀಲಿನ ಡಬ್ಬಿ.

ಇನ್ನು ವಿಷಯಕ್ಕೆ ಬರುತ್ತೇನೆ. ಓಬಣ್ಣ ನಿನಗೆ ಅರ್ಧಂಬರ್ಧ ಹೇಳಿರುತ್ತಾನೆ.

ಸೋಮವಾರ ಕುರುಗೋಡಿಗೆ ಹೋಗಿದ್ದೆ. ಸಮುದಾಯ ಭವನದಲ್ಲಿ ಹುಡುಗರಿಗೆ ಸುಳ್ಳು ಸುದ್ದಿಯನ್ನು ಗುರುತಿಸುವುದು ಹೇಗೆ ಎಂದು ಹೇಳಿಕೊಡುವುದಿತ್ತು. ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಿದ್ದೆ. ಪಕ್ಕದ ಬೆಂಚಿನ ಮೇಲೆ ಕೂತವನ ಫೋನಿನಿಂದ ತೆಲುಗಿನಲ್ಲಿ ನಿನ್ನ ದನಿ ಬಂತು. ಅವ್ವ, ಬಿಸಿ ಚಹಾ ಕೈಮೇಲೆ ಚೆಲ್ಲಿಕೊಂಡೆ. "ಏಡೋ ತಾರೀಖು ಕಾದು ಚೆಲ್ಲೀ, ಪದಮೂಡೋ ತಾರೀಖು ಓಟ್ಲು. ಅಂತದಾಕಾ ಪನಿಕಿ ಪೋಂಡಿ." ಏಳಕ್ಕಲ್ಲ ತಂಗೀ, ಓಟು ಹದಿಮೂರಕ್ಕೆ, ಅಲ್ಲಿಯವರೆಗೆ ಕೆಲಸಕ್ಕೆ ಹೋಗಿರಿ. ಅಷ್ಟೇ. ಊರಿನ ಹೆಸರಿಲ್ಲ, ತಂಗಿಯ ಹೆಸರಿಲ್ಲ. ಹಿಂದೆ ನಮ್ಮ ಮನೆಯ ಕೋಳಿ ಕೂಗುತ್ತಿದೆ.

ನನಗೆ ತಕ್ಷಣ ತಿಳಿಯಿತು. ಆದೋನಿ ಕಡೆ ಇರುವ ಗಾದೆಮ್ಮ ಚಿಗವ್ವನಿಗೆ ನೀನು ಹೇಳಿದ ಮಾತು ಅದು. ನಿನ್ನ ತವರು ಆಂಧ್ರದಲ್ಲಿದೆ, ಅಲ್ಲಿ ಓಟು ನಿಜಕ್ಕೂ ಹದಿಮೂರಕ್ಕೇ. ಸಿರುಗುಪ್ಪದ ಸುದ್ದಿ ಕೇಳಿ ಚಿಗವ್ವ ತನ್ನದೂ ಏಳಕ್ಕೇ ಎಂದು ಗಾಬರಿಯಾಗಿ ಕೆಲಸ ಬಿಟ್ಟು ಕೂತಿರಬೇಕು, ನೀನು ಸಮಾಧಾನ ಹೇಳಿದ್ದೀಯ. ನೀನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಅದೇ ಮಾತು ಗಡಿ ದಾಟಿ ಈ ಕಡೆ ಬಂದು ಕೂತಿದೆ, ಇಲ್ಲಿ ಓಟು ಏಳಕ್ಕೆ.

ಆ ಫೋನಿನವನ ಹೆಸರು ಎರ್ರೆಪ್ಪ, ಟೆಂಪೊ ಓಡಿಸುತ್ತಾನೆ. ನಿಮ್ಮ ಸಂಘದ ಹೆಂಗಸರನ್ನು ಆರನೇ ತಾರೀಖು ಗುಂಟೂರು ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಕರೆದುಕೊಂಡು ಹೋಗುವವನು ಅವನೇ. ನಿನ್ನ ಮೊಣಕಾಲು ನೋವಿನಿಂದ ಈ ಸಲ ಗ್ಯಾಂಗನ್ನು ಅಂಬಮ್ಮ ನೋಡಿಕೊಳ್ಳುತ್ತಿದ್ದಾಳಲ್ಲ, ಅವಳೇ ಮಾತಾಡಿದ್ದಾಳೆ. "ಓಟು ಹದಿಮೂರಕ್ಕ ಹೋಗೇತ್ರಿ, ಹನ್ನೆರಡಕ್ಕ ಎಲ್ಲಾರನ್ನೂ ವಾಪಸ್ ತಂದು ಇಳಿಸ್ತೀನಿ" ಎಂದ. ಇಲ್ಲಪ್ಪ, ಇಲ್ಲಿ ಏಳಕ್ಕೇ ಎಂದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಪಕ್ಕೀರಮ್ಮನ ದನಿ ನನಗ ಗೊತ್ತಿಲ್ಲೇನ್ರೀ? ವರ್ಷಾನುಗಟ್ಟಲೆ ಆಕಿ ಕರದಲ್ಲಿಗೆ ಗಾಡಿ ತಂದೀನಿ" ಎಂದ. ನಾನು ಅವಳ ಮಗಳು ಎಂದೆ. "ಹಂಗಾದ್ರ ನಿಮಗ ಮೊದಲ ಗೊತ್ತಿರಬೇಕಲ್ರಿ" ಎಂದು ಚಹಾದ ದುಡ್ಡು ಕೊಟ್ಟು ಎದ್ದು ಹೋದ. ಸುಳ್ಳು ಹಿಡಿಯುವುದನ್ನು ಕಲಿಸಲು ಬಂದವಳು ನಾನು.

ತಾಲ್ಲೂಕಿನವರು ಆಟೋದಲ್ಲಿ ಮೈಕು ಕಟ್ಟಿಕೊಂಡು ಏಳು, ಏಳು ಎಂದು ದಿನಾ ಕೂಗುತ್ತಿಲ್ಲವೇ ಎಂದು ನೀನು ಕೇಳುತ್ತೀಯ. ಕೂಗುತ್ತಿದ್ದಾರೆ. ಆದರೆ ನಿನ್ನ ಮಾತು ಹಾಗೇ ಬಂದಿಲ್ಲ. ಅದನ್ನು ಯಾವುದೋ ಫೇಸ್‌ಬುಕ್ ಪುಟದವರು ಎತ್ತಿಕೊಂಡು, ಬಿಸಿಲು ಜಾಸ್ತಿಯಾದ್ದರಿಂದ ಮತದಾನ ಮುಂದಕ್ಕೆ ಹೋಗಿದೆ ಎಂದು ಸರ್ಕಾರಿ ಮೊಹರು ಇದ್ದ ಚೀಟಿಯೊಂದನ್ನು ಅಂಟಿಸಿ ಹಂಚಿದ್ದಾರೆ. ಈ ಬಿಸಿಲಿನಲ್ಲಿ ಯಾರು ನಂಬುವುದಿಲ್ಲ ಹೇಳು. ಈಗ ಮೈಕಿನವನು ಏಳು ಎಂದರೆ, ಅವನಿಗೆ ಹೊಸ ಸುದ್ದಿ ಇನ್ನೂ ಮುಟ್ಟಿಲ್ಲ ಪಾಪ ಎಂದು ಜನ ಕನಿಕರಪಡುತ್ತಿದ್ದಾರೆ.

ನನ್ನ ಕೆಲಸ ಏನು ಎಂದು ನೀನು ಎಷ್ಟೋ ಸಲ ಕೇಳಿದ್ದೀಯ, ನಾನೂ ಸರಿಯಾಗಿ ಹೇಳಿಲ್ಲ. ನಮ್ಮದು, ಕೀನ್ಯಾದವರದು, ಬ್ರೆಜಿಲಿನವರದು, ಫಿಲಿಪ್ಪೀನ್ಸಿನವರದು, ಎಸ್ಟೋನಿಯಾದವರದು, ಹೀಗೆ ಐದು ದೇಶದ ಚಿಕ್ಕ ಚಿಕ್ಕ ಆಫೀಸುಗಳು ಸೇರಿ ಒಂದು ಕೂಟ ಮಾಡಿಕೊಂಡಿದ್ದೇವೆ. ಚುನಾವಣೆಯ ಸುಳ್ಳು ಹಬ್ಬಿಸುವವರಿಗೆ ದೇಶ ಗೀಶ ಎಂದೇನೂ ಇಲ್ಲ. ಒಂದು ಕಡೆ ಆಡಿದ ಆಟವನ್ನೇ ಇನ್ನೊಂದು ಕಡೆ ಆಡುತ್ತಾರೆ. ಅದಕ್ಕೆ ನಾವೂ ಒಬ್ಬರಿಗೊಬ್ಬರು ಹೇಳಿಕೊಂಡು ಹಿಡಿಯುತ್ತೇವೆ. ಈ ಫೇಸ್‌ಬುಕ್ ಪುಟವನ್ನು ಹಿಡಿದವರು ಬ್ರೆಜಿಲಿನವರು. ಅವರಲ್ಲೂ ತಾರೀಖು ಬದಲಾಯಿತು ಎಂದು ಇದೇ ನಮೂನೆಯ ಚೀಟಿ ಓಡಾಡಿತ್ತಂತೆ. ಅದನ್ನು ನಡೆಸುವವನು ಯಾವುದೋ ಮೂರನೇ ದೇಶದಲ್ಲಿ ಕೂತು ಜಾಹೀರಾತಿನಲ್ಲಿ ಕಾಸು ಮಾಡುತ್ತಾನೆ. ಸಿರುಗುಪ್ಪ ಎಲ್ಲಿದೆ ಎಂದು ಅವನಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಎಲ್ಲರೂ ಸೇರಿ ದೂರು ಕೊಟ್ಟೆವು, ಬುಧವಾರ ಪುಟ ಮುಚ್ಚಿತು. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ನನ್ನ ಪಾಲನ್ನು ಪಕ್ಕದವರಿಗೆ ಕೊಟ್ಟುಬಿಟ್ಟೆ, ಯಾಕೆಂದರೆ ಪುಟ ಮುಚ್ಚಿದರೂ ನಿನ್ನ ದನಿ ಸಿರುಗುಪ್ಪದ ಫೋನುಗಳಲ್ಲಿ ಹಾಗೇ ಕೂತಿದೆ.

ಈಗ ನಿನ್ನ ಸಿಟ್ಟಿನ ವಿಷಯ. ನಮ್ಮ ಕೂಟಕ್ಕೆ ಒಂದು ಜಾಲತಾಣ ಇದೆ. ಅನುಮಾನದ ಸುದ್ದಿಯನ್ನು ಅದರಲ್ಲಿ ಹಾಕಿದರೆ ಪರಿಶೀಲಿಸಿ ಒಂದು ಮುದ್ರೆ ಒತ್ತುತ್ತಾರೆ. ನಿನ್ನ ಮಾತು ಹಾಕಿದೆ. ಯಾವ ಭಾಷೆ ಎಂದು ಕೇಳಿತು. ತೆಲುಗು ಎಂದೆ. ತೆಲುಗು ಎಂದಮೇಲೆ ಆಂಧ್ರ ಎಂದು ಅದೇ ತೀರ್ಮಾನಿಸಿತು. ಆಂಧ್ರದಲ್ಲಿ ಓಟು ಹದಿಮೂರಕ್ಕೇ ತಾನೇ, ಹಸಿರು ಬಣ್ಣದಲ್ಲಿ "ನಿಜ" ಎಂದು ಮುದ್ರೆ ಬಿತ್ತು. ತಲೆ ಚಚ್ಚಿಕೊಂಡೆ. ಬಳ್ಳಾರಿ ಜಿಲ್ಲೆಯ ಹೆಂಗಸೊಬ್ಬಳು ಕನ್ನಡದಲ್ಲಿ ಬೈದು, ತೆಲುಗಿನಲ್ಲಿ ಮುದ್ದು ಮಾಡಿ, ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾಳೆ ಎಂದು ಆ ಜಾಲತಾಣಕ್ಕೆ ಹೇಗೆ ಹೇಳುವುದು? ಇಡೀ ದಿನ ಜಗಳವಾಡಿದೆ. ಕಡೆಗೆ ಅವರು ಹಸಿರು ತೆಗೆದು, ನಿನ್ನ ದನಿಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ "ಸುಳ್ಳು" ಎಂದು ಒತ್ತಿ ಕಳಿಸಿದರು. ನಾನು ಅದನ್ನು ನೋಡುವಷ್ಟರಲ್ಲಿ ಅದು ಸಿರುಗುಪ್ಪದ ಗುಂಪುಗಳಿಗೆಲ್ಲ ಹೋಗಿಬಿಟ್ಟಿತ್ತು.

ಹಿಟ್ಟಿನ ಗಿರಣಿಯಲ್ಲಿ ಯಾರೋ ಅದನ್ನು ನಿನ್ನ ಮುಖದೆದುರು ಹಿಡಿದರಂತೆ. "ನಿನ್ನ ಮಗಳ ಆಫೀಸಿನವರ ಹಾಕ್ಯಾರ ನೋಡ" ಎಂದರಂತೆ. ನೀನು ಜೋಳದ ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಬಂದೆಯಂತೆ. ಓಬಣ್ಣ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವ್ವ, ನನಗೆ ತುಂಬ ನೋವಾಯಿತು. ಎಲ್ಲರೂ ಪಕ್ಕೀರಮ್ಮ ಹೇಳಿದರೆ ಮುಗಿಯಿತು ಎನ್ನುತ್ತಿದ್ದ ಊರಿನಲ್ಲಿ, ನಿನ್ನ ಮೇಲೆ ನನ್ನ ಕೈಯಿಂದಲೇ ಆ ಮಾತು ಬಂತು.

ಅದನ್ನು ತೆಗೆಸಲು ಐದೂ ದೇಶದವರು ಒಪ್ಪಬೇಕು. ನಿನ್ನೆ ಎಲ್ಲರೂ ಕಂಪ್ಯೂಟರಿನಲ್ಲಿ ಮುಖ ತೋರಿಸಿ ಕೂತಿದ್ದೆವು. ಈ ಹೆಂಗಸು ಹೇಳಿದ್ದು ಸುಳ್ಳಲ್ಲ, ಅವಳು ನನ್ನ ತಾಯಿ ಎಂದು ಹೇಳಿದೆ. ಒಬ್ಬರು, ಮನೆಯವರ ವಿಷಯದಲ್ಲಿ ನೀವು ತೀರ್ಮಾನ ಕೊಡುವ ಹಾಗಿಲ್ಲ ಎಂದರು. ಇನ್ನೊಬ್ಬರು, ದನಿ ಯಂತ್ರದ್ದೇ ಎಂದು ಹೇಳಿಬಿಡೋಣ, ನಿಮ್ಮ ತಾಯಿಯೂ ಪಾರಾಗುತ್ತಾರೆ ಎಂದರು. ಕೋಳಿಯ ಕೂಗು ಸಮೇತ ನಿನ್ನ ದನಿ ಗುರುತಿಸುವ ಊರಿಗೆ ಹೋಗಿ ಅದು ಯಂತ್ರ ಎಂದರೆ ಆಮೇಲೆ ನಮ್ಮ ಯಾವ ಮಾತನ್ನು ಯಾರು ನಂಬುತ್ತಾರೆ? ನನಗೆ ಸಿಟ್ಟಿನಿಂದ ಅಳುವೇ ಬಂತು.

ಆಗ ಕೀನ್ಯಾದ ವಾಂಜಿರು ಎಂಬವಳು ಮಾತಾಡಿದಳು. ನನಗಿಂತ ಹಿರಿಯಳು. ಅವಳ ಊರೂ ಗಡಿಯ ಮೇಲೆಯೇ ಇದೆ. ಅಲ್ಲಿ ಗಡಿ ಎಂದರೆ ಎರಡು ದೇಶಗಳ ನಡುವಿನ ಗೆರೆ, ಆದರೂ ಅಕ್ಕನನ್ನು ಆ ಕಡೆ ಕೊಟ್ಟಿರುತ್ತಾರೆ, ತಂಗಿಯನ್ನು ಈ ಕಡೆ. ಒಬ್ಬಳಿಗೆ ಹೇಳಿದ ಮಾತು ಇನ್ನೊಬ್ಬಳ ಊರಿನಲ್ಲಿ ಗಲಾಟೆ ಎಬ್ಬಿಸುವುದನ್ನು ಅವಳು ಕಂಡವಳು. ಅವಳು ಹೇಳಿದ್ದು ಇಷ್ಟು: ಹಸಿರು ಮುದ್ರೆಯೂ ತಪ್ಪು, ಕೆಂಪು ಮುದ್ರೆಯೂ ತಪ್ಪು. ಆ ತಾಯಿ ಅರ್ಧ ಮಾತು ಹೇಳಿದ್ದಾಳೆ, ಯಾಕೆಂದರೆ ಉಳಿದರ್ಧ ತಂಗಿಗೆ ಗೊತ್ತಿತ್ತು. ಆ ಅರ್ಧವನ್ನೂ ಅದೇ ಬಾಯಿಂದಲೇ ಹೇಳಿಸಬೇಕು, ನಿಮ್ಮ ಆಫೀಸು ಹೇಳಿದರೆ ಉಪಯೋಗವಿಲ್ಲ. ಐದು ದೇಶದ ತಲೆಗಳಲ್ಲಿ ನಿನ್ನನ್ನು ಅರ್ಥ ಮಾಡಿಕೊಂಡವಳು ಅವಳೊಬ್ಬಳು. ಅವಳಿಗೆ ಸಿರುಗುಪ್ಪ ಎಂದು ಉಚ್ಚರಿಸಲೂ ಬರುವುದಿಲ್ಲ.

ಹಾಗಾಗಿ ನಿನ್ನಲ್ಲಿ ಕೈಮುಗಿದು ಕೇಳುವುದು ಇದನ್ನೇ. ಫೋನ್ ತೆಗೆದುಕೊಂಡು, ಆದೋನಿ ಕಡೆಯವರಿಗೆ ಹದಿಮೂರು, ಸಿರುಗುಪ್ಪದವರಿಗೆ ಏಳು ಎಂದು ನಿನ್ನ ದನಿಯಲ್ಲೇ ಹೇಳಿ ಸಂಘದ ಗುಂಪಿಗೆ ಹಾಕು. ಅರ್ಧ ನಿಮಿಷದ ಕೆಲಸ. ಹೇಳದಿದ್ದರೆ ಆ ಹೆಂಗಸರು ಆರಕ್ಕೆ ಟೆಂಪೊ ಹತ್ತುತ್ತಾರೆ, ಹನ್ನೆರಡಕ್ಕೆ ಬಂದು, ಮುಗಿದುಹೋದ ಓಟಿಗೆ ಸಾಲು ನಿಲ್ಲುತ್ತಾರೆ. ಆಮೇಲೆ ಐದು ವರ್ಷ ನಿನ್ನನ್ನು ಬೈಯುತ್ತಾರೆ. ನಿನ್ನ ಮೇಲಿನ ಕೆಂಪು ಮುದ್ರೆ ತೆಗೆಸುವುದು ನನ್ನ ಜವಾಬ್ದಾರಿ, ಅದಕ್ಕೆ ನಾನು ಬಿಡದೆ ಬೆನ್ನು ಹತ್ತಿದ್ದೇನೆ.

ಇನ್ನೊಂದು, ಕಡೆಯ ಸಲ ಕೇಳುತ್ತೇನೆ. ನಿನ್ನ ಮಾತು ಚಿಗವ್ವನಿಗೆ ಹೋಗುವ ಬದಲು ಸಿರುಗುಪ್ಪಕ್ಕೆ ತಿರುಗಿದ್ದು ಹೇಗೆ? ಮೊದಲು ಯಾರ ಕೈಗೆ ಕೊಟ್ಟೆ? ಪುಟದವನಿಗೆ ಸಿರುಗುಪ್ಪದಲ್ಲಿ ಒಬ್ಬ ಏಜೆಂಟ್ ಇದ್ದಾನೆ, ಅವನೇ ತೆಗೆದು ಕೊಟ್ಟಿದ್ದಾನೆ ಎಂದು ಎಸ್ಟೋನಿಯಾದವರು ಹಟ ಹಿಡಿದಿದ್ದಾರೆ. "ಮೊದಲು ಹಂಚಿದವರು" ಎಂಬ ಕಡೆ ಹೆಸರು ಬರೆಯದೆ ಅವರು ಕಡತ ಮುಚ್ಚುವುದಿಲ್ಲ. ಯಾರೇ ಆಗಿರಲಿ, ಅಂಥವರನ್ನು ನೀನು ಕಾಪಾಡಬೇಡ. ಏನಿದೆ, ಯಾರಿಗಿದೆ ಎಂದು ಕೇಳಿಸಿಕೊಳ್ಳುವ ಗೋಜಿಗೂ ಹೋಗದೆ ಬಂದದ್ದನ್ನೆಲ್ಲ ಮುಂದೆ ತಳ್ಳುವ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಎಲ್ಲ ರಾಮಾಯಣಕ್ಕೆ ಅಂಥ ಒಂದು ಬೆರಳೇ ಕಾರಣ.

ಸಿಟ್ಟಿನಲ್ಲಿ ಬರೆದಿದ್ದೇನೆ, ಪ್ರೀತಿ ಕಡಿಮೆಯಾಗಿಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ,
ಪಂಪಾವತಿ

ಮರೆತ ಮಾತು: ಚಿಗವ್ವನ ಮಗನ ಫೋನ್ ನಂಬರ್ ಬದಲಾದಾಗಿನಿಂದ, ಗಾದೆಮ್ಮಗೆ ಮುಟ್ಟಿಸು ಎಂದು ನೀನು ನನಗೆ ಕಳಿಸುತ್ತೀಯಲ್ಲ, ಬಸುರಿಗೆ ಮಾಡಿದ ಕುಬಸದ ಫೋಟೋ, ಹಾಡು, ನಿನ್ನ ದನಿಯ ಸಂದೇಶ, ಎಲ್ಲವನ್ನೂ ಬಂದ ಕೂಡಲೇ ನಮ್ಮ ಬಳಗದ ಗುಂಪಿಗೆ ಹಾಕಿದ್ದೇನೆ. ಎಷ್ಟೇ ಕೆಲಸವಿದ್ದರೂ ಒಂದನ್ನೂ ಬಿಟ್ಟಿಲ್ಲ. ಆ ಒಂದು ವಿಷಯಕ್ಕಾದರೂ ನನ್ನನ್ನು ಬೈಯಬೇಡ.

*

ಸಿರುಗುಪ್ಪ
೮ ಮೇ ೨೦೨೪, ಬುಧವಾರ

ಚಿರಂಜೀವಿ ಪಂಪಾವತಿಗೆ,

ನಿನ್ನ ಅವ್ವ ಪಕ್ಕೀರಮ್ಮ ಮಾಡುವ ಆಶೀರ್ವಾದ. ನಾನು ಏಳನೇ ತನಕ ಓದಿದವಳು, ತಪ್ಪು ಇದ್ದರೆ ತಿದ್ದಿಕೊಂಡು ಓದು. ಡಬ್ಬಿಯಲ್ಲಿ ನಿನ್ನ ಪತ್ರ ಸಿಕ್ಕಿತು. ಎಣ್ಣೆ ತಾಗಿ ಎರಡು ಸಾಲು ಹೋಗಿದ್ದವು, ಉಳಿದದ್ದು ಓದಿದೆ. ಅಕ್ಷರ ಇನ್ನೂ ಬಿದ್ದುಕೊಂಡೇ ಇವೆ.

ನಾನು ಫೋನಿನಲ್ಲಿ ಹೇಳಲಿಲ್ಲ. ಒಂದು ಸಲ ಹೇಳಿದ್ದಕ್ಕೆ ಐದು ದೇಶ ತಿರುಗಿ ಬಂತು, ಇನ್ನೊಂದು ಸಲ ಹೇಳಿದರೆ ಅದರ ತಲೆ ಕತ್ತರಿಸಿ ಎಲ್ಲಿಗೆ ಒಯ್ಯುತ್ತಾರೋ. ಶುಕ್ರವಾರ ಓಬಣ್ಣನಿಗೆ ಹೇಳಿ ಗಾದೆಮ್ಮನನ್ನು ಬಸ್ಸಿಗೆ ಕರೆಸಿಕೊಂಡೆ. ಓಬಣ್ಣನೇ ಆದೋನಿ ಬಸ್ಸಿನವನಿಗೆ ಹೇಳಿದ, ಅವನು ಊರಿಗೆ ಹೋಗಿ ಹೇಳಿದ. ಮರುದಿನ ಮಧ್ಯಾಹ್ನ ಅವಳು ಚೀಲ ಹಿಡಿದುಕೊಂಡು ಬಂದಳು, ಯಾರೋ ಸತ್ತರೇನೋ ಎಂದು ಅಳುತ್ತಲೇ ಬಂದಳು. ಚಹಾ ಕೊಟ್ಟು ಸಮಾಧಾನ ಮಾಡಿದೆ.

ಆಮೇಲೆ ಇಬ್ಬರೂ ಓಣಿ ಓಣಿ ತಿರುಗಿದೆವು. ಒಂದೊಂದು ಮನೆಯ ಕಟ್ಟೆಯ ಮೇಲೆ ಕೂತೆವು. ನಾನು, "ನಂದು ಏಳು" ಎಂದೆ. ಅವಳು, "ನಾದಿ ಪದಮೂಡು" ಎಂದಳು. ಫೋನಿನಲ್ಲಿ ಚೆಲ್ಲಿ, ಅಂದರೆ ತಂಗಿ, ಅಂದದ್ದು ಇವಳಿಗೇ ಎಂದು ತೋರಿಸಿದೆ. ಗಾದೆಮ್ಮ ತನ್ನ ಓಟಿನ ಕಾರ್ಡನ್ನೂ ತಂದಿದ್ದಳು, ಅದರ ಮೇಲೆ ಅವರ ಊರಿನ ಹೆಸರು ಇದೆ. ಅಲ್ಲಿಗೆ ಹೆಂಗಸರಿಗೆ ತಿಳಿಯಿತು. ಕೆಲವರು ಮೊದಲು ನನ್ನನ್ನೇ ನಂಬಲಿಲ್ಲ. "ಫೋನ್ಯಾಗ ಒಂದು ಹೇಳ್ತಿ, ಇಲ್ಲಿ ಒಂದು ಹೇಳ್ತಿ, ಯಾವ ಪಕ್ಕೀರಮ್ಮನ್ನ ನಂಬಬೇಕ" ಎಂದರು. ಮುಟ್ಟಿ ನೋಡ್ರಿ ಎಂದು ಕೈ ಚಾಚಿದೆ. ನಿನ್ನ ಪಾಠ ನನ್ನ ಮೇಲೇ ಬಂತು.

ಟೆಂಪೊದ ಎರ್ರೆಪ್ಪನನ್ನೂ ಕಂಡೆ. ಅವನಿಗೆ ನಾಚಿಕೆಯಾಗಿ, ಗಾಡಿಯನ್ನು ಆರಕ್ಕಲ್ಲ ಎಂಟಕ್ಕೆ ತೆಗೆಯುತ್ತೇನೆ ಎಂದ. ನಿನಗೆ ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಲು ಹೇಳಿದ. ನಿನ್ನೆ ನಾವೆಲ್ಲ ಒಟ್ಟಿಗೆ ಹೋಗಿ ಓಟು ಹಾಕಿದೆವು. ಗಾದೆಮ್ಮ ಹೊರಗೆ ಬೇವಿನ ಮರದ ಕೆಳಗೆ ನಮ್ಮ ಚಪ್ಪಲಿ, ಚೀಲ ಕಾಯುತ್ತಾ ಕೂತಿದ್ದಳು. ಇವತ್ತು ಬೆಳಿಗ್ಗೆ ಗಾಡಿ ಹೋಯಿತು.

ಅಂಬಮ್ಮ ಮತ್ತು ಅವಳ ಸೊಸೆ ಮಾತ್ರ ಕೇಳಲಿಲ್ಲ. ಗಿರಣಿಯಲ್ಲಿ ಆ ಕೆಂಪು ಅಕ್ಷರ ನೋಡಿದ್ದರು. ಸುಳ್ಳಿ ಎಂದು ಆಫೀಸಿನವರೇ ಬರೆದಿದ್ದಾರೆ, ಈಗ ಬಂದು ಏಳು ಎನ್ನುವುದೂ ಸುಳ್ಳೇ ಇರಬೇಕು ಎಂದು ಆರಕ್ಕೇ ಬೇರೆ ಗಾಡಿಗೆ ಹೋದರು. ಅಂಬಮ್ಮ ಇಪ್ಪತ್ತು ವರ್ಷ ನನ್ನ ಪಕ್ಕ ಬಗ್ಗಿ ಭತ್ತದ ಸಸಿ ಹಚ್ಚ್ಯಾಳ. ಇಬ್ಬರ ಓಟೂ ಹೋಯಿತು. ಅದು ನನ್ನ ಎದೆಯಲ್ಲಿ ಕೂತಿದೆ ಪಂಪಿ. ನಿಮ್ಮ ಕೂಟದವರಿಗೆ ಹೇಳು, ಬಣ್ಣ ಹಚ್ಚುವ ಮುಂಚೆ ಆ ಬಾಯಿ ಯಾರದು ಎಂದು ಒಂದು ಸಲ ಕೇಳಿ ಎಂದು.

ಕೆಂಪು ತೆಗೆದು, "ಆಂಧ್ರಕ್ಕೆ ನಿಜ, ಬಳ್ಳಾರಿಗೆ ಅಲ್ಲ" ಎಂದು ಹಾಕಿದ್ದಾರೆಂದು ಓಬಣ್ಣ ನಿನ್ನೆ ತೋರಿಸಿದ. ಸರಿಯಾಗಿದೆ. ಆ ಕೀನ್ಯಾದ ಹೆಣ್ಣುಮಗಳಿಗೆ ನನ್ನ ಆಶೀರ್ವಾದ ಹೇಳು. ಅವಳ ಅಕ್ಕನನ್ನು ಯಾವ ಕಡೆ ಕೊಟ್ಟಿದ್ದಾರೆ ಎಂದು ಕೇಳು. ನಾವು ಮನೆ ಮನೆಗೆ ಹೋಗಿ ಹೇಳಿದ್ದಕ್ಕೆ ಏನೋ ಸಾಕ್ಷಿ ಬೇಕು ಎಂದು ಕೇಳುತ್ತಾರಂತೆ ನಿಮ್ಮವರು. ಗಾದೆಮ್ಮನ ಅಂಗಾಲಿನಲ್ಲಿ ಬೊಬ್ಬೆ ಬಂದಿದೆ, ಬೇಕಾದರೆ ಅದರ ಫೋಟೋ ಕಳಿಸುತ್ತೇನೆ.

ಈ ಸಲದ ಬುತ್ತಿಯಲ್ಲಿ ಸಜ್ಜೆ ರೊಟ್ಟಿ ಇದೆ, ಗಾದೆಮ್ಮ ಬಡಿದದ್ದು. ಬಿಸಿಲಿಗೆ ಪಲ್ಯ ಹಳಸುತ್ತದೆ, ಮಧ್ಯಾಹ್ನವೇ ಉಣ್ಣು.

ನಿನ್ನ ಅವ್ವ,
ಪಕ್ಕೀರಮ್ಮ

ಕಡೆಯ ಮಾತು, ಇದನ್ನು ಓದಿ ಒಲೆಗೆ ಹಾಕು: ಯಾರಿಗೆ ಮೊದಲು ಕೊಟ್ಟೆ ಎಂದು ಅಷ್ಟು ಸಲ ಕೇಳಿದಿ. ನಿನಗೇ ಕೊಟ್ಟಿದ್ದೆ. ಚಿಗವ್ವನಿಗೆ ಒಬ್ಬಳಿಗೇ ಮುಟ್ಟಿಸು, ಗುಂಪಿಗೆ ಹಾಕಬೇಡ ಎಂದು ಅದರ ಮುಂಚಿನ ಸಂದೇಶದಲ್ಲಿ ಹೇಳಿದ್ದೆ. ನೀನು ಎರಡನ್ನೂ ಕೇಳದೆ ಬಳಗದ ಗುಂಪಿಗೆ ಹಾಕಿದಿ, ಅಲ್ಲಿಂದ ನಮ್ಮವರೇ ಸಿರುಗುಪ್ಪಕ್ಕೂ ಕುರುಗೋಡಿಗೂ ಹಂಚಿದರು. ನಿನ್ನ ಫೋನು ಬಂದಾಗ ಅದು ನೀನೇ ಎಂದು ನನಗೆ ಗೊತ್ತಿತ್ತು. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ. ಐದು ದೇಶದವರು ಕೇಳುತ್ತಿದ್ದಾರೆ ಎಂದಿ, ಅವರ ಮುಂದೆ ನಿನ್ನ ಹೆಸರು ಹೇಗೆ ಹೇಳಲಿ? ಆಮೇಲೆ ಯಾವ ಫೋನನ್ನು ಯಾರು ಕೇಳುತ್ತಾರೋ ತಿಳಿಯದೆ ಎಲ್ಲಕ್ಕೂ ಹಾಗೇ ಅಂದೆ. ಆ ಜಾಗದಲ್ಲಿ ನನ್ನ ಹೆಸರು ಬರೆದು ಕಡತ ಮುಚ್ಚಿಸು, ನನಗೆ ಅದರಿಂದ ಹೋಗುವಂಥದ್ದು ಏನಿಲ್ಲ. ಇನ್ನು ಮೇಲೆ ನಾನು ಕಳಿಸಿದ್ದನ್ನು ಒಂದು ಸಲ ಪೂರ್ತಿ ಕೇಳು ಪಂಪಿ. ನಾನು ಮಾತಾಡುವುದು ಬಹಳ ಇರುವುದಿಲ್ಲ.